ನೂರಾ ಹನ್ನೆರಡನೆಯ ಪುಟ

ಹಾಳೆಯಲ್ಲಿ ಇದ್ದದ್ದು ಎರಡೇ ಚೌಕ. ಒಂದರ ಮುಂದೆ ಧ್ವನಿಮುದ್ರಣವನ್ನು ಎಲ್ಲರಿಗೂ ತೆರೆಯಬಹುದು ಎಂದು, ಇನ್ನೊಂದರ ಮುಂದೆ ತೆರೆಯಬಾರದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೆಳಗೆ ಟೇಪಿನಲ್ಲಿ ಮಾತಾಡಿದ ರತ್ನಾವತಿ ಸಹಿ ಹಾಕಬೇಕಾದ ಗೆರೆ, ಅದರ ಕೆಳಗೆ ದುಭಾಷಿಯಾಗಿದ್ದ ಕಾಂತಪ್ಪನ ಗೆರೆ. ಇಷ್ಟನ್ನು ಓದಿ ಮುಗಿಸಲು ಅವನಿಗೆ ಮೂರು ದಿನ ಸಾಕಾಗಿರಲಿಲ್ಲ. ಬುಧವಾರ ಆಫೀಸಿನ ಪ್ರಿಂಟರಿನಿಂದ ಅದು ಹೊರಬರುವಾಗ ಪಕ್ಕದ ಮೇಜಿನ ಸಿರಾಜ್ ಮೊದಲೇ ಹೋಗಿ ಎತ್ತಿಕೊಂಡು, ‘ಎಂತದು ಕಾಂತಪ್ಪಣ್ಣ, ಅಮೆರಿಕದ ಯೂನಿವರ್ಸಿಟಿ? ಈ ಪ್ರಾಯದಲ್ಲಿ ಓದ್ಲಿಕ್ಕೆ ಹೋಗುದಾ?’ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ನಕ್ಕಿದ್ದ. ಕಾಂತಪ್ಪನೂ ನಕ್ಕ. ನಗುತ್ತಲೇ ಹಾಳೆಯನ್ನು ಕಸಿದುಕೊಂಡ ರೀತಿ ತನಗೇ ಅತಿಯಾಯಿತೆನ್ನಿಸಿ, ಆಮೇಲೆ ಅರ್ಧ ದಿನ ಸಿರಾಜ್‌ನ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಣೆಬರಹ ಅದು. ಈಗ ಶುಕ್ರವಾರ ಬೆಳಿಗ್ಗೆ, ಕುವೈತಿನ ಫಹಾಹೀಲಿನಲ್ಲಿ ಮೂರನೆಯ ಮಹಡಿಯ ತನ್ನ ಅಡುಗೆಮನೆಯಲ್ಲಿ, ತಣ್ಣಗಾದ ಚಹಾದ ಮುಂದೆ ಕೂತು ಅವನು ಎರಡನೆಯ ಚೌಕವನ್ನೇ ನೋಡುತ್ತಿದ್ದ. ರತ್ನಾವತಿಗೆ ಇಂಗ್ಲಿಷ್ ಬಾರದು. ತಾನು ಎಲ್ಲಿ ಬೆರಳಿಡುತ್ತೇನೋ ಅಲ್ಲಿ ಅವಳು ಗೆರೆ ಎಳೆಯುತ್ತಾಳೆ. ತೆರೆಯಬಾರದು ಎಂದಾದರೆ ಟೇಪುಗಳು ಎಪ್ಪತ್ತೈದು ವರ್ಷ ಬೀಗದೊಳಗೆ ಇರುತ್ತವೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಎಪ್ಪತ್ತೈದು ವರ್ಷದ ಮೇಲೆ ತಾನಿರುವುದಿಲ್ಲ, ರತ್ನಾವತಿ ಇರುವುದಿಲ್ಲ, ದೀಕ್ಷಿತಾ ಇದ್ದರೂ ತೊಂಬತ್ತು ದಾಟಿದ ಮುದುಕಿ. ಅಷ್ಟು ವಯಸ್ಸಾದವಳಿಗೆ ಅಪ್ಪನ ಮೇಲೆ ಕೋಪ ಬರಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ ತನ್ನ ಬುದ್ಧಿಗೆ ಅವನಿಗೇ ಅಸಹ್ಯವಾಯಿತು.

ದೀಕ್ಷಿತಾ ಕಾರಿನ ಕೀಲಿ ಹುಡುಕುತ್ತಾ ಬಂದಳು. ಇಲ್ಲಿಯೇ ಹುಟ್ಟಿದವಳು, ತುಳು, ಕನ್ನಡ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾಲೇಜಿನಲ್ಲಿ ಅವಳಿಗೆ ಈ ಸಲ ಪಾಠಕ್ಕೆ ಇಟ್ಟ ಪುಸ್ತಕಗಳಲ್ಲಿ ಲೋರ್ನಾ ಕಿಂಬಲ್ ಎಂಬ ಅಮೆರಿಕದ ಚರಿತ್ರೆಗಾರ್ತಿಯದೂ ಒಂದು. ಅದರ ಕೃತಜ್ಞತೆಯ ಪುಟದಲ್ಲಿ ‘ಕುವೈತಿನಲ್ಲಿ ನನ್ನ ಕಿವಿಯಾಗಿದ್ದ ಕಾಂತಪ್ಪನವರಿಗೆ’ ಎಂಬ ಸಾಲು ಕಂಡ ದಿನ ಅವಳು ಅದರ ಫೋಟೋ ತೆಗೆದು ಲೋಕಕ್ಕೆಲ್ಲ ಕಳಿಸಿದ್ದಳು. ಕ್ಲಾಸಿನಲ್ಲಿ ಅಧ್ಯಾಪಕಿ ಅವಳನ್ನು ಎದ್ದು ನಿಲ್ಲಿಸಿ ಎಲ್ಲರಿಗೂ ಪರಿಚಯಿಸಿದರಂತೆ. ಇಪ್ಪತ್ತು ವರ್ಷ ಕಂಪನಿಯೊಂದರಲ್ಲಿ ಕಾಗದಪತ್ರ ಜೋಡಿಸಿಟ್ಟುಕೊಂಡು ಬಂದ ಅಪ್ಪ ಒಂದೇ ದಿನದಲ್ಲಿ ಮಗಳ ಕಣ್ಣಿಗೆ ದೊಡ್ಡವನಾಗಿಬಿಟ್ಟ. ಊಟದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂರತೊಡಗಿದಳು. ಹಾಗೆ ಅವಳು ಕೂತದ್ದು ಅದಕ್ಕೂ ಮುಂಚೆ ಯಾವಾಗ ಎಂದು ಅವನಿಗೆ ನೆನಪಿರಲಿಲ್ಲ. ‘ಪಪ್ಪಾ, ಯು ಆರ್ ಗೋಯಿಂಗ್ ಟುಡೇ, ರೈಟ್? ಪ್ಲೀಸ್ ಗೆಟ್ ದಟ್ ಸೈನ್,’ ಎಂದಳು. ಟೇಪು ತೆರೆದ ಕೂಡಲೇ ಕೇಳುವ ಮೊದಲನೆಯವಳು ತಾನೇ ಆಗಬೇಕು, ಅದರ ಮೇಲೇ ಪ್ರಬಂಧ ಬರೆಯುತ್ತೇನೆ, ತುಳು, ಇಂಗ್ಲಿಷ್ ಎರಡೂ ತಿಳಿದವರು ಕ್ಲಾಸಿನಲ್ಲಿ ಬೇರೆ ಯಾರಿದ್ದಾರೆ ಎಂದು ಇಂಗ್ಲಿಷಿನಲ್ಲೇ ಹೇಳಿಕೊಂಡು ಹೋದಳು. ‘ನೋಡುವಾ’ ಎಂದ ಕಾಂತಪ್ಪ. ಹೆಂಡತಿ ಶಶಿಕಲಾ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಹಾಳೆಯನ್ನು ಒಮ್ಮೆ ನೋಡಿ ಏನೂ ಹೇಳದೆ ಎದ್ದು ಹೋಗುತ್ತಿದ್ದಳು. ಇಲ್ಲದ್ದೇ ವಾಸಿ ಎನ್ನಿಸಿತು.

ಕಾರು ಮಗಳು ಒಯ್ದದ್ದರಿಂದ ಬಸ್ಸೇ ಗತಿ. ಹತ್ತು ಗಂಟೆಗೇ ಬಿಸಿಲು ಬಿಳಿಯಾಗಿ, ಸಮುದ್ರದ ಕಡೆಯ ರಸ್ತೆಯಲ್ಲಿ ಧೂಳು ನಿಂತಿತ್ತು. ರಜೆಯ ದಿನವಾದ್ದರಿಂದ ಬಸ್ಸಿನ ತುಂಬ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿದ ನೇಪಾಳದವರು, ಬಂಗಾಳದವರು. ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆಯಲ್ಲಿದ್ದರು. ಇವರನ್ನು ಕಂಡರೆ ಕಿಂಬಲ್ ಮೇಡಂ ಸುಮ್ಮನಿರುತ್ತಿರಲಿಲ್ಲ. ಎದುರಿನ ಸೀಟಿನಲ್ಲಿ ಕೂತು, ಚೀಲದಲ್ಲಿ ಏನಿದೆ, ಯಾರಿಗೆ, ಎಷ್ಟು ದಿನದಿಂದ ಕೂಡಿಟ್ಟದ್ದು ಎಂದು ಕೇಳುತ್ತಿದ್ದರು. ರಾಜರ ಚರಿತ್ರೆಗೆ ಜನ ಬೇಕಾದಷ್ಟು ಇದ್ದಾರೆ, ಬರೆದಿಡಲು ಪುರುಸೊತ್ತಿಲ್ಲದವರ ಚರಿತ್ರೆ ನನ್ನದು ಎಂದು ಅವರು ಹೇಳುತ್ತಿದ್ದದ್ದು ಕಾಂತಪ್ಪನಿಗೆ ಈಗಲೂ ಅವರ ಧ್ವನಿಯಲ್ಲೇ ಕೇಳುತ್ತದೆ. ಮೊದಲ ಪುಸ್ತಕ ಅವರ ದೇಶದ ಒಂದು ನದಿಯ ದಡದ ಹತ್ತಿಗಿರಣಿಯ ಹುಡುಗಿಯರ ಬಗ್ಗೆ. ಹುಡುಗಿಯರು ಮನೆಗೆ ಬರೆದ ಕಾಗದಗಳನ್ನು ಹಳೆಯ ಅಟ್ಟಗಳಿಂದ ಇಳಿಸಿ ಎಂಟು ವರ್ಷ ಓದಿದರಂತೆ. ಎರಡನೆಯದು ದೊಡ್ಡ ನಗರವೊಂದರ ಬಟ್ಟೆ ಒಗೆಯುವ ಹೆಂಗಸರ ಬಗ್ಗೆ. ಆ ಎರಡಕ್ಕೂ ಮರ್ಯಾದೆ ಬಂತು, ಹೆಸರು ಬರಲಿಲ್ಲ. ಹೆಸರು ಬಂದದ್ದು ಮೂರನೆಯದಕ್ಕೆ, ಕುವೈತಿನಿಂದ ಹಿಂದಿರುಗಿ ಬರೆದದ್ದಕ್ಕೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ದೂರು ಹೇಳದವರು’ ಎಂದಾಗುತ್ತದೆ.

ದೂರು ಹೇಳದವರು! ಕಾಂತಪ್ಪ ಬಸ್ಸಿನಲ್ಲಿ ಕಣ್ಣು ಮುಚ್ಚಿದ. ಸಾಲ್ಮಿಯಾದಲ್ಲಿ ನರ್ಸ್ ಮೇಬಲ್‌ಬಾಯಿಯ ಫ್ಲ್ಯಾಟು, ಅದೂ ಶುಕ್ರವಾರವೇ. ಮೇಬಲ್‌ಬಾಯಿಯೇ ಮೇಡಂಗೆ ಅವನ ಹೆಸರು ಹೇಳಿದ್ದು, ತುಳುವಿನಿಂದ ಇಂಗ್ಲಿಷಿಗೆ ಚೆನ್ನಾಗಿ ಹೇಳುವ ಜನ ಎಂದು. ಬೀಗದ ಕೈ ಕೊಟ್ಟು ಅವರು ಪೂಜೆಗೆಂದು ಇಗರ್ಜಿಗೆ ಹೋಗಿದ್ದರು. ಅವರಿಗೂ ತುಳು ಬರುತ್ತಿತ್ತು, ಹೋಗದಿದ್ದರೆ ಕತೆ ಬೇರೆಯಾಗುತ್ತಿತ್ತು. ಮೇಜಿನ ಮೇಲೆ ಸಣ್ಣ ಟೇಪ್ ರೆಕಾರ್ಡರು. ಮೇಡಂ ಕೆಲಸ ಮಾಡುವ ಕ್ರಮ ಹೀಗೆ: ಅವರು ಕೇಳಬೇಕು, ಕಾಂತಪ್ಪ ತುಳುವಿನಲ್ಲಿ ಹೇಳಬೇಕು, ಹೆಂಗಸು ಉತ್ತರಿಸಬೇಕು, ಅದನ್ನು ಕಾಂತಪ್ಪ ಇಂಗ್ಲಿಷಿಗೆ ತರಬೇಕು, ನಾಲ್ಕೂ ಟೇಪಿನಲ್ಲಿ ಬೀಳಬೇಕು. ಕಡೆಯಲ್ಲಿ ದುಭಾಷಿಯನ್ನೂ ಒಂದು ಪ್ರಶ್ನೆ ಕೇಳುತ್ತಿದ್ದರು, ಏನಾದರೂ ಬಿಟ್ಟಿದ್ದೀರಾ ಎಂದು. ಆ ದಿನ ಎದುರಿಗೆ ರತ್ನಾವತಿ ಕೂತಿದ್ದಳು. ಊರಿನಲ್ಲಿ ಬಿಟ್ಟುಬಂದ ಮೂರು ವರ್ಷದ ಮಗು ಚಂಪಾ ಜ್ವರದಲ್ಲಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅವಳು ಮನೆಗೆಲಸಕ್ಕಿದ್ದ ರುಮೈಥಿಯಾದ ಮನೆಯವರು ರಜೆ ಕೊಟ್ಟಿರಲಿಲ್ಲ. ನಿನಗೆ ಹೀಗಾದದ್ದಕ್ಕೆ ಯಾರನ್ನು ದೂರುತ್ತೀಯಾ ಎಂದು ಮೇಡಂ ಕೇಳಿದರು. ರತ್ನಾವತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕಾಂತಪ್ಪನ ಮುಖವನ್ನು ನೇರ ನೋಡಿದಳು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ಅವನ ಹೆಸರು ಹಿಡಿದು ದೂರು ಹೇಳಿದಳು. ಹೇಳಿ ಮುಗಿಸಿ, ‘ಅವರಿಗೆ ಹೇಳಿ’ ಎಂದಳು. ಟೇಪು ತಿರುಗುತ್ತಿತ್ತು. ಮೇಡಂ ಪೆನ್ನು ಹಿಡಿದು ಅವನ ಕಡೆ ತಿರುಗಿದರು. ಕಾಂತಪ್ಪ ಇಂಗ್ಲಿಷಿನಲ್ಲಿ ಹೇಳಿದ: ಎಲ್ಲ ತನ್ನ ಹಣೆಬರಹ ಎನ್ನುತ್ತಾಳೆ, ಯಾರ ಮೇಲೂ ಅವಳಿಗೆ ದೂರಿಲ್ಲ. ಏನಾದರೂ ಬಿಟ್ಟಿದ್ದೀರಾ ಎಂದು ಕೇಳಿದಾಗ, ಏನೂ ಇಲ್ಲ ಮೇಡಂ ಎಂದ. ಅದೂ ಟೇಪಿನಲ್ಲಿದೆ.

ಹೇಳಿದ್ದು ನಾಲಿಗೆ, ತಾನಲ್ಲ ಎಂದು ಅವನು ಎಷ್ಟೋ ವರ್ಷ ಅಂದುಕೊಂಡ. ಶಶಿಕಲಾ ಆಗ ಬಸುರಿ. ರತ್ನಾವತಿಯ ಮನೆಯೊಡತಿಯ ತಮ್ಮನೇ ಅವನ ಕಫೀಲ್, ವೀಸಾ ಕೊಟ್ಟ ಯಜಮಾನ; ಈ ದೂರು ಕಿವಿಗೆ ಬಿದ್ದು ಆ ಮನುಷ್ಯ ಒಂದು ಮಾತು ಹೇಳಿದರೆ ಖಲಾಸ್, ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ವಿಮಾನ ಹತ್ತಬೇಕು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನೋಡಿದ್ದು, ಅಷ್ಟೇ. ಅಮೆರಿಕದ ಯಾವುದೋ ಪುಸ್ತಕದಲ್ಲಿ ಒಂದು ಸಾಲು ಆಚೆ ಈಚೆ ಆದರೆ ಯಾರಿಗೇನು ನಷ್ಟ ಎಂದುಕೊಂಡಿದ್ದ. ಆದರೆ ಮೇಡಂ ಆ ಸಾಲನ್ನು ಬಿಡಲಿಲ್ಲ. ಎಪ್ಪತ್ತು ಹೆಂಗಸರನ್ನು ಮಾತಾಡಿಸಿದವರು, ರತ್ನಾವತಿಯ ಒಂದು ಪುಟದ ಮೇಲೆ ಇಡೀ ಪುಸ್ತಕವನ್ನು ನಿಲ್ಲಿಸಿದರು. ಮಗು ಸತ್ತರೂ ಯಾರ ಮೇಲೂ ದೂರು ಹೇಳದ ಈ ಹೆಂಗಸು ಯಾವ ಲೋಕದವಳು ಎಂದು ಕೇಳಿ, ಕೇಳುವವರೇ ಇಲ್ಲದ ಕಡೆ ದೂರು ಹುಟ್ಟುವುದೇ ಇಲ್ಲ ಎಂದು ಉತ್ತರಿಸಿದರು. ಬಹುಮಾನ ಬಂತು. ದೇಶದೇಶಗಳಲ್ಲಿ ಉಪನ್ಯಾಸ. ಹಾಗಲ್ಲ, ಎಲ್ಲ ಕಡೆಯೂ ದೂರು ಇದ್ದೇ ಇರುತ್ತದೆ ಎಂದು ಯಾರೋ ಒಬ್ಬ ಕಿರಿಯ ವಿದ್ವಾಂಸ ಎದುರು ಬರೆದ. ಅವನಿಗೆ ಉತ್ತರವಾಗಿ ಮೇಡಂ ನಾಲ್ಕನೆಯ ಪುಸ್ತಕ ಬರೆದು, ಅದರಲ್ಲೂ ಮೂರನೆಯದರ ನೂರಾ ಹನ್ನೆರಡನೆಯ ಪುಟದ ರತ್ನಾವತಿಯನ್ನೇ ಸಾಕ್ಷಿಗೆ ಕರೆದರು. ಕಾಂತಪ್ಪ ಇದನ್ನೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ, ಒಂದೂ ಬಿಡದೆ ಹುಡುಕಿ ಓದುತ್ತಿದ್ದ. ತನ್ನ ಕಾಯಿಲೆಯ ರಿಪೋರ್ಟನ್ನು ತಾನೇ ತಂದು ನೋಡುವ ರೋಗಿಯ ಹಾಗೆ. ಸುಳ್ಳು ಹೇಳಬಾರದು, ಒಳಗೊಳಗೆ ಹೆಮ್ಮೆಯೂ ಇತ್ತು. ಅಷ್ಟು ದೊಡ್ಡ ಮನುಷ್ಯರು ಆಡುತ್ತಿದ್ದ ಜಗಳಕ್ಕೆ ಕಾರಣವಾದ ಮಾತು ತನ್ನ ಬಾಯಿಂದ ಹೊರಟದ್ದಲ್ಲವೆ! ಒಮ್ಮೆ ಮೇಡಂಗೆ ನಿಜ ಬರೆಯಲು ಕೂತ. ‘ಗೌರವಾನ್ವಿತ ಮೇಡಂ’ ಎಂಬಲ್ಲಿಗೆ ಕಫೀಲ್ ಚಹಾ ತರಹೇಳಿದ. ಹಿಂದಿರುಗಿ ಬಂದಾಗ ಕಾಗದ ಅಲ್ಲೇ ಇತ್ತು, ಬರೆಯುವ ಮನಸ್ಸು ಇರಲಿಲ್ಲ. ಈಗ ಮೇಡಂಗೆ ಎಂಬತ್ತಮೂರು. ಕೆಲಸದಿಂದ ನಿವೃತ್ತರಾಗಿ, ತಮ್ಮ ಟೇಪುಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದಾರೆ. ಬದುಕಿರುವ ಹೆಂಗಸರ ಒಪ್ಪಿಗೆಯಿಲ್ಲದೆ ಒಂದು ಮಾತನ್ನೂ ಹೊರಗೆ ಬಿಡಬಾರದು ಎಂದು ಷರತ್ತು ಹಾಕಿದ್ದಾರಂತೆ. ಮೇಡಂ ಯಾವಾಗಲೂ ನಿಯಮದ ಜನ.

ರುಮೈಥಿಯಾದಲ್ಲಿ ಇಳಿದು, ಜಮಿಯಾ ಎಂಬ ಸಹಕಾರಿ ಅಂಗಡಿಯ ಪಕ್ಕದಿಂದ ಒಳಗೆ ನಡೆದ. ಅಂಗಿ ಬೆನ್ನಿಗೆ ಅಂಟಿತ್ತು. ಗೇಟುಗಳ ಮುಂದೆ ಬಟ್ಟೆಯ ಚಪ್ಪರದಡಿ ಕಾರುಗಳು, ಗೋಡೆಯಾಚೆಯಿಂದ ಎ.ಸಿ. ಯಂತ್ರಗಳ ಗುಂಯ್‌ಗುಡುವಿಕೆ, ಮನುಷ್ಯರು ಯಾರೂ ಇಲ್ಲ. ಈ ರಸ್ತೆ ಅವನಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು. ಅಂದು, ಚಂಪಾ ಹೋದ ಸುದ್ದಿ ಬಂದ ಮೂರನೆಯ ದಿನ, ಕಾರಿನಲ್ಲಿ ಬಂದದ್ದು. ರತ್ನಾವತಿ ಹಿಂದಿನ ಸೀಟಿನಲ್ಲಿ, ಗಂಜಿ ಅಂಟಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು. ಸೀಟಿಗೆ ತಾಗೀತು ಎಂದು ಹಾಗೆ ಹಿಡಿದದ್ದು. ಕನ್ನಡಿಯಲ್ಲಿ ಅದನ್ನು ಕಂಡು ಅವನು ಟಿಶ್ಯೂ ಡಬ್ಬಿ ಹಿಂದಕ್ಕೆ ಚಾಚಿದ, ಅವಳು ತೆಗೆದುಕೊಳ್ಳಲಿಲ್ಲ. ಮೇಡಂನ ಮುಂದೆ ಒಮ್ಮೆ ಹೇಳಿದ್ದು ಬಿಟ್ಟರೆ, ಆಮೇಲಿನ ಇಪ್ಪತ್ತು ವರ್ಷದಲ್ಲಿ ಅವಳು ಆ ದಿನದ ಸುದ್ದಿ ಎತ್ತಲೇ ಇಲ್ಲ. ದೀಕ್ಷಿತಾ ಹುಟ್ಟಿದಾಗ ಯಾರದೋ ಕೈಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆ ಕಳಿಸಿದಳು. ಅಷ್ಟಮಿಗೆ ಪಾಯಸ ಬರುತ್ತಿತ್ತು. ತುಳುಕೂಟದಲ್ಲಿ ಕಂಡರೆ ‘ಆರಾಮಾ ಕಾಂತಪ್ಪಣ್ಣ’ ಎಂದು ನಗುತ್ತಿದ್ದಳು. ಮರೆತಿದ್ದಾಳೆ ಎಂದು ಅವನು ನಂಬಿದ. ಸರಿಯಾಗಿ ಹೇಳುವುದಾದರೆ, ನಂಬಿಕೊಂಡ. ಹಾಗೆ ಮರೆಯಬಲ್ಲವಳಾದರೆ ತಾನು ಇಂಗ್ಲಿಷಿನಲ್ಲಿ ಹೇಳಿದ್ದೇ ನಿಜವಾಯಿತಲ್ಲ ಎಂದು ಒಂದೊಂದು ದಿನ ಸಮಾಧಾನವೂ ಆಗುತ್ತಿತ್ತು.

ಹಿಂದಿನ ಬಾಗಿಲು ತೆರೆದದ್ದು ನುಹಾ, ಮನೆಯ ಮೊಮ್ಮಗಳು. ರತ್ನಾವತಿಯ ತೋಳಿನಲ್ಲೇ ಬೆಳೆದವಳು. ‘ರತ್ನಾ, ಬಲ!’ ಬಾ ಎಂದು ತುಳುವಿನಲ್ಲಿ ಕೂಗಿ, ಅವನಿಗೆ ಅರಬಿಯಲ್ಲಿ ಸಲಾಂ ಹೇಳಿ, ಫೋನು ನೋಡುತ್ತಾ ಒಳಗೆ ಹೋದಳು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹಾಸಿಗೆಯ ಮೇಲೆ ದೊಡ್ಡ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಮಂಗಳವಾರದ ವಿಮಾನಕ್ಕೆ ರತ್ನಾವತಿ ಊರಿಗೆ, ಇನ್ನು ಬರುವುದಿಲ್ಲ. ಮೊಣಕಾಲು ಹೋಗಿದೆ, ಮನೆಯವರು ಇಕಾಮಾ, ಇಲ್ಲಿರಲು ಬೇಕಾದ ಪರವಾನಗಿ, ಮತ್ತೆ ಮಾಡಿಸುವುದಿಲ್ಲ. ಅವಳು ನೆಲದ ಮೇಲೆ ಕೂತು ಹಾಲಿನ ಪುಡಿಯ ಡಬ್ಬಿಗಳನ್ನು ಸೀರೆಗಳ ನಡುವೆ ಹುಗಿಯುತ್ತಿದ್ದಳು. ಅವನನ್ನು ಕಂಡು ಏಳಲು ಹೋದಳು.

‘ಕೂತ್ಕೊ, ಕೂತ್ಕೊ,’ ಎಂದ ಅವನು.

‘ನೀವು ಮೇಲೆ ಕೂತ್ಕೊಳ್ಳಿ ಕಾಂತಪ್ಪಣ್ಣ. ಎಂತ ಬಿಸಿಲು ಮಾರಾಯ್ರೆ. ಬಸ್ಸಲ್ಲಿ ಬಂದದ್ದಾ? ದೀಕ್ಷಿತಾ ಹೇಗಿದ್ದಾಳೆ?’ ಮಾತೆಲ್ಲ ತುಳುವಿನಲ್ಲಿ. ನೀರು ಕೊಟ್ಟಳು, ನಿಂಬೆಯ ಶರಬತ್ತು ಕೊಟ್ಟಳು, ಸೂಟ್‌ಕೇಸನ್ನು ತೂಗುವ ಕೊಕ್ಕೆಯ ತಕ್ಕಡಿ ತೋರಿಸಿ, ಮೂವತ್ತು ಕಿಲೋ ಮಾತ್ರ ಬಿಡುವುದಂತೆ, ಈಗಲೇ ಮೂವತ್ತೊಂದು ತೋರಿಸ್ತಾ ಉಂಟು ಎಂದು ದೂರಿದಳು. ಕಾಂತಪ್ಪ ಕೈಚೀಲದಿಂದ ಹಾಳೆ ತೆಗೆದ. ಆ ಅಮೆರಿಕದ ಮೇಡಂ ಗೊತ್ತುಂಟಲ್ಲ, ಅವರ ಕಡೆಯಿಂದ ಬಂದದ್ದು, ಒಂದು ಸಹಿ ಬೇಕಂತೆ, ದೊಡ್ಡ ಸಂಗತಿ ಏನಲ್ಲ ಎಂದ. ಹೇಳುವಾಗ ಧ್ವನಿ ಬ್ಯಾಂಕಿನವರ ಹಾಗೆ ಆದದ್ದು ತನಗೇ ಕೇಳಿಸಿತು.

‘ಹಾಕುವಾ. ಅದಕ್ಕೆ ಮೊದಲು ನನ್ನದೊಂದು ಕೆಲಸ ಉಂಟು,’ ಎಂದಳು ರತ್ನಾವತಿ. ಸೂಟ್‌ಕೇಸಿನ ತಳಕ್ಕೆ ಕೈಹಾಕಿ ಹಳೆಯ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಎಳೆದಳು. ಬಿಚ್ಚಿದಾಗ ಮೇಡಂನ ಪುಸ್ತಕ. ಮಾತಾಡಿದ ಹೆಂಗಸರಿಗೆಲ್ಲ ಅವರು ಒಂದೊಂದು ಪ್ರತಿ ಕಳಿಸಿದ್ದರು. ಇವಳು ಅದನ್ನು ಅಂದಿನಿಂದಲೂ ದೇವರ ಪಟದ ಪಕ್ಕ ಇಟ್ಟಿದ್ದಳು. ನಡುವೆ ಒಂದು ನೂಲಿನ ಎಳೆ. ‘ಮೇಬಲ್‌ಬಾಯಿ ನನ್ನ ಪುಟ ಯಾವುದು ಅಂತ ತೋರಿಸಿ ನೂಲು ಇಟ್ಟುಕೊಟ್ಟಿದ್ದರು. ಓದಿ ಹೇಳ್ತೇನೆ ಅಂದ್ರು, ನಾನು ಬೇಡ ಅಂದೆ. ನಮ್ಮಲ್ಲಿ ಗೊತ್ತುಂಟಲ್ಲ ಕಾಂತಪ್ಪಣ್ಣ, ದೈವದ ಮುಂದೆ ನಿಂತು ನಾಲ್ಕು ಜನ ಕೇಳುವ ಹಾಗೆ ದೂರು ಕೊಟ್ಟರೆ ಮತ್ತೆ ಅದನ್ನು ಬಾಯಲ್ಲಿ ಆಡಬಾರದು. ಅದು ಅಲ್ಲಿ ಉಂಟು ಅಂತ ಬಿಟ್ಟುಬಿಡಬೇಕು. ಇಲ್ಲಿ ದೈವ ಎಲ್ಲಿ? ಇದೇ ಅಂತ ತಿಳ್ಕೊಂಡೆ. ಊರಿಗೆ ಹೋದ ಮೇಲೆ ನನಗೆ ಯಾರು ಓದಿ ಹೇಳ್ತಾರೆ? ಆಡಬಾರದು ನಿಜ, ಒಮ್ಮೆ ಕೇಳಬಹುದಲ್ಲ? ನೀವೇ ಓದಿ.’

ಈ ರೂಢಿ ಕಾಂತಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಅಜ್ಜಿಯೂ ಜಾಗದ ತಕರಾರಿನಲ್ಲಿ ಹಾಗೆ ದೂರು ಕೊಟ್ಟು, ಮಾತು ಬಿಟ್ಟು, ಅದೇ ದಾಯಾದಿಗಳ ಮನೆಗೆ ಮದುವೆಗೆ ಹೋಗಿ ಊಟ ಮಾಡಿ ಬಂದದ್ದನ್ನು ಸಣ್ಣವನಿದ್ದಾಗ ಕಂಡಿದ್ದ. ಎಲ್ಲ ಗೊತ್ತಿದ್ದೂ, ಪಾಯಸವನ್ನು ಮರೆವು ಎಂದು ತಿಂದುಬಿಟ್ಟೆನಲ್ಲ. ಪುಸ್ತಕ ಕೈಗೆ ಬಂದಿತ್ತು. ನೂರಾ ಹನ್ನೆರಡು. ಆ ಇಂಗ್ಲಿಷ್ ಸಾಲುಗಳು ಅವನಿಗೆ ಬಾಯಿಪಾಠ. ಅವಳು ಅಂದು ನಿಜವಾಗಿ ಹೇಳಿದ ಮಾತುಗಳೂ ಅಷ್ಟೇ ಬಾಯಿಪಾಠ. ಪುಟದ ಮೇಲೆ ಬೆರಳಿಟ್ಟು, ಅಲ್ಲಿಲ್ಲದ ಮಾತುಗಳನ್ನು ಅವನು ತುಳುವಿನಲ್ಲಿ ಓದತೊಡಗಿದ.

‘ಆ ಮನೆಯವರು ಎಂತ ಮಾಡಿದರೂ ಅವರು ನನ್ನವರಲ್ಲ. ಅವರಿಗೆ ನನ್ನ ಮಾತು ತಿಳಿಯುವುದಿಲ್ಲ. ಮಗು ಹೋದ ಸುದ್ದಿ ಬಂದು ಮೂರನೇ ದಿನ ನಾನು ಓಡಿ ಫಹಾಹೀಲಿಗೆ, ಇವರ ಮನೆಗೆ ಹೋದೆ. ನನ್ನನ್ನು ಆಸ್ಪತ್ರೆಯ ಕೆಲಸ ಅಂತ ಹೇಳಿ ಆ ಮನೆಗೆ ತಂದು ಬಿಟ್ಟದ್ದು ಇವರೇ. ಆದ್ರೂ ನನ್ನ ಭಾಷೆ ಮಾತಾಡುವವರು ಅಂತ ಹೋದೆ. ಇವರ ಹೆಂಡತಿ ಗಂಜಿ ಬಡಿಸಿದರು. ನಾನು ಉಣ್ತಾ ಇದ್ದ ಹಾಗೇ ಇವರು ಒಳಗೆ ಹೋಗಿ ಆ ಮನೆಗೆ ಫೋನ್ ಮಾಡಿದರು. ಕೈ ತೊಳೀಲಿಕ್ಕೂ ಬಿಡದೆ ಕಾರಿಗೆ ಹತ್ತಿಸಿದರು. ನನ್ನ ದೂರು ಇವರ ಮೇಲೆ. ಕಾಂತಪ್ಪನ ಮೇಲೆ. ಬರೆದುಕೊಳ್ಳಲಿಕ್ಕೆ ಹೇಳಿ.’

ಓದುವಾಗ ರತ್ನಾವತಿಯ ತುಟಿ ಅಲುಗುತ್ತಿತ್ತು. ಒಂದು ಮಾತೂ ಹೆಚ್ಚುಕಡಿಮೆ ಆಗಿರಲಿಲ್ಲ. ಕಡೆಯ ಮಾತು ಮುಗಿದಾಗ ಕಾಂತಪ್ಪನಿಗೆ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಹೇಳಿಯಾಯಿತಲ್ಲ, ಅವಳೆದುರೇ, ನನ್ನ ಬಾಯಿಂದಲೇ. ಇನ್ನು ಎರಡನೆಯ ಚೌಕದಲ್ಲಿ ಗೆರೆ ಎಳೆಸಿಕೊಂಡು ಹೋದರೆ ಎಲ್ಲರಿಗೂ ಒಳ್ಳೆಯದು ಎಂದು ಮನಸ್ಸು ಆಗಲೇ ವ್ಯಾಪಾರ ಶುರುಮಾಡಿತ್ತು.

ರತ್ನಾವತಿ ಕಣ್ಣು ಒರೆಸಿಕೊಂಡು ನಕ್ಕಳು. ‘ಎಲ್ಲ ಸರಿ ಬಂದಿದೆ. ನಿಮ್ಮ ಹೆಸರು ಸಹ ಬಂದಿದೆ. ಒಂದು ಮಾತು ಹೇಳ್ತೇನೆ ಕಾಂತಪ್ಪಣ್ಣ, ಈಗ ಹೇಳಿದ್ರೆ ತಪ್ಪಿಲ್ಲ. ಆವತ್ತು ನಿಮ್ಮ ಮುಖ ನೋಡಿ ಹೇಳುವಾಗ ನನಗೆ ನಂಬಿಕೆ ಇರಲಿಲ್ಲ. ಇವರು ಆ ಹೆಂಗಸಿಗೆ ಇದನ್ನು ಹೇಳ್ಲಿಕ್ಕಿಲ್ಲ ಅಂತ. ನೀವು ಹೇಳಿದ್ರಿ. ನನಗೆ ಇಂಗ್ಲಿಷ್ ಬಾರದು, ಆದ್ರೆ ಹೇಳಿದ ಕೂಡಲೇ ಆ ಮೇಡಂ ಬರೆದುಕೊಂಡದ್ದು ಕಂಡೆ. ಅವರ ಕಣ್ಣಲ್ಲಿ ನೀರು ಬಂತು, ಅದನ್ನೂ ಕಂಡೆ. ತನ್ನ ಮೇಲಿನ ದೂರನ್ನು ತಾನೇ ಹೇಳಿದ ಮನುಷ್ಯ ಕೆಟ್ಟವನಲ್ಲ ಅಂತ ಅಲ್ಲೇ, ಕೂತಲ್ಲೇ, ದೂರು ಹಿಂದೆ ತಗೊಂಡೆ. ಮಗುವಿಗೆ ಗೆಜ್ಜೆ ಕಳಿಸಿದ್ದು ಅದಕ್ಕೇ. ಅದು ನಾನು ಚಂಪಾಳಿಗೆ ಅಂತ ಇಲ್ಲಿ ಮೊದಲನೇ ಸಂಬಳದಲ್ಲಿ ತೆಗೆದಿಟ್ಟದ್ದು.’

ಕಾಂತಪ್ಪ ಪುಸ್ತಕವನ್ನು ತೊಡೆಯ ಮೇಲೆ ಮುಚ್ಚಿದ. ಮನೆಯ ಗೋಡೆಯ ಮೇಲೆ ದೀಕ್ಷಿತಾಳ ಒಂದು ಫೋಟೋ ಇದೆ. ಆರು ತಿಂಗಳ ಕೂಸು, ಎರಡೂ ಕಾಲೆತ್ತಿ ಗೆಜ್ಜೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿರುವುದು. ಆ ಫೋಟೋದ ಕೆಳಗೆ ಕೂತು ಅವನು ದಿನಾ ಊಟ ಮಾಡುತ್ತಾನೆ. ಏನೂ ಹೇಳದೆ ಎದ್ದು ಹೋಗಬಹುದಿತ್ತು. ಅವಳು ಸುಖವಾಗಿ ಊರಿಗೆ ಹೋಗುತ್ತಾಳೆ, ಪುಸ್ತಕ ದೇವರ ಪಟದ ಪಕ್ಕ ಕೂರುತ್ತದೆ, ಅವಳ ಹಳ್ಳಿಯಲ್ಲಿ ಅದನ್ನು ಬಿಡಿಸಿ ಓದುವವರು ಯಾರೂ ಇರಲಿಕ್ಕಿಲ್ಲ. ಯಾರಿಗೇನು ನಷ್ಟ? ಅದೇ ಮಾತನ್ನು ಮೊದಲು ಯಾವಾಗ ಅಂದುಕೊಂಡೆ ಎಂದು ಅವನಿಗೆ ನೆನಪಾಯಿತು. ಇಪ್ಪತ್ತು ವರ್ಷದಿಂದ ಅವನಿಗೆ ಸಿಕ್ಕಿದ್ದ ಕ್ಷಮೆ ಬೇರೆ ಯಾವನೋ ಕಾಂತಪ್ಪನದು, ಆ ಶುಕ್ರವಾರ ನಿಜ ಹೇಳಿದ ಕಾಂತಪ್ಪನದು. ಅವನನ್ನು ಕಂಡು ಇವನಿಗೆ ಹೊಟ್ಟೆಕಿಚ್ಚಾಯಿತು.

‘ರತ್ನಾವತಿ, ಇದರಲ್ಲಿ ಅದಿಲ್ಲ,’ ಎಂದ.

‘ಎಂತದು ಇಲ್ಲ?’

‘ನಾನು ಓದಿದ್ದು. ಅದು ಪುಸ್ತಕದಲ್ಲಿ ಇಲ್ಲ. ನೀನು ಹೇಳಿದ್ದು ನನಗೆ ಬಾಯಿಪಾಠ, ಅದನ್ನು ಹೇಳಿದೆ. ಮೇಡಂಗೆ ನಾನು ಆವತ್ತು ಬೇರೆ ಹೇಳಿದ್ದು.’

ಅಡುಗೆಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು, ನಿಲ್ಲಿಸಿದರು. ರತ್ನಾವತಿ ಹಾಲಿನ ಪುಡಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದವಳು ಹಿಡಿದೇ ಇದ್ದಳು. ‘ಬೇರೆ ಎಂತ ಹೇಳಿದ್ರಿ?’ ಎಂದು ಕೇಳಿದಳು, ತಗ್ಗಿದ ಧ್ವನಿಯಲ್ಲಿ. ‘ಇದರಲ್ಲಿ ಎಂತ ಉಂಟು? ಇದ್ದದ್ದನ್ನು ಓದಿ.’

ಅವನು ಮತ್ತೆ ನೂಲು ಇದ್ದಲ್ಲಿ ಬಿಡಿಸಿದ. ಈ ಸಲ ಕಣ್ಣಿಗೆ ಕನ್ನಡಕ ಬೇಕಾಯಿತು. ‘ಎಲ್ಲ ನನ್ನ ಹಣೆಬರಹ. ನನಗೆ ಯಾರ ಮೇಲೂ ದೂರಿಲ್ಲ.’

‘ಚಂಪಾ ಹೋದದ್ದಕ್ಕೆ?’

‘ಹೌದು.’

‘ನನಗೆ ದೂರಿಲ್ಲ ಅಂತ ನಾನು ಹೇಳಿದ್ದು?’

‘ನೀನು ಹೇಳಿದ್ದಲ್ಲ. ನಾನು.’

ಅವಳು ಬೈಯುತ್ತಾಳೆ, ಅಳುತ್ತಾಳೆ, ನುಹಾಳನ್ನು ಕರೆದು ಹೊರಗೆ ಹಾಕಿಸುತ್ತಾಳೆ ಎಂದು ಕಾಂತಪ್ಪ ಕಾದ. ಅದರಲ್ಲಿ ಯಾವುದಾದರೂ ಒಂದು ಆಗಲಿ ಎಂದು ಮನಸ್ಸು ಬೇಡುತ್ತಿತ್ತು. ರತ್ನಾವತಿ ಡಬ್ಬಿಯನ್ನು ಕೆಳಗಿಟ್ಟಳು. ಅವನ ಪಕ್ಕದಲ್ಲಿ ಹಾಸಿಗೆಯ ಮೇಲಿದ್ದ ಹಾಳೆಯನ್ನು ನೋಡಿದಳು. ‘ಇದು ಎಂತಕ್ಕೆ?’ ಎಂದಳು. ಅವನು ಈ ಸಲ ಪೂರ್ತಿ ಹೇಳಿದ, ಎರಡು ಚೌಕಗಳನ್ನೂ, ಎಪ್ಪತ್ತೈದು ವರ್ಷವನ್ನೂ. ಎರಡನೆಯ ಚೌಕದಲ್ಲಿ ಗೆರೆ ಎಳೆಸಬೇಕೆಂದು ಬಂದೆ ಎಂಬುದನ್ನೂ ಹೇಳಿದ. ಹೇಳುವಾಗ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ.

‘ಟೇಪಿನಲ್ಲಿ ನಾನು ಹೇಳಿದ್ದು ಉಂಟಾ? ನನ್ನ ಧ್ವನಿಯಲ್ಲಿ?’

‘ಉಂಟು. ಒಂದು ಮಾತೂ ಹೋಗಿಲ್ಲ.’

‘ಅದನ್ನು ಕೇಳಿದ್ರೆ ತಿಳಿಯುವವರು ಯಾರಾದ್ರೂ ಇದ್ದಾರಾ? ನಮ್ಮ ಭಾಷೆ?’

ಕಾಂತಪ್ಪ ಕನ್ನಡಕ ತೆಗೆದು ಮಡಚಿದ. ‘ದೀಕ್ಷಿತಾಗೆ ತಿಳೀತದೆ,’ ಎಂದ.

‘ಹಾಗಾದ್ರೆ ಅವಳು ಕೇಳಲಿ. ಎಲ್ಲಿ ಸೈನ್ ಹಾಕ್ಬೇಕು?’

ಅವನು ಮೊದಲನೆಯ ಚೌಕದ ಮೇಲೆ ಬೆರಳಿಟ್ಟ. ಅವಳು ಪೆನ್ನು ತೆಗೆದುಕೊಂಡಳು. ಚೌಕದಲ್ಲಿ ಗೆರೆ ಎಳೆದು, ಕೆಳಗೆ ಕನ್ನಡ ಅಕ್ಷರಗಳನ್ನು ಒಂದೊಂದಾಗಿ, ನ-ವೊತ್ತು ಎಲ್ಲಿಗೆ ಬರಬೇಕೆಂದು ನಿಂತು ಯೋಚಿಸಿ, ತನ್ನ ಹೆಸರು ಬರೆದಳು. ಪೆನ್ನಿನ ಮುಚ್ಚಳ ಹಾಕಿ ಕೊಟ್ಟಳು.

‘ಆ ಗೆಜ್ಜೆ,’ ಎಂದ ಕಾಂತಪ್ಪ. ‘ಅದು ಮನೇಲಿ ಉಂಟು. ತಂದು ಕ...’

‘ಬೇಡ. ಅದು ಮಗುವಿಗೆ ಕೊಟ್ಟದ್ದು. ಅವಳ ಹತ್ತಿರವೇ ಇರಲಿ.’ ರತ್ನಾವತಿ ಸೂಟ್‌ಕೇಸಿನ ಕಡೆಗೆ ತಿರುಗಿ, ಜಿಪ್ ಎಳೆದು, ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿದಳು. ಎತ್ತಲು ಅವಳ ಮೊಣಕಾಲಿಗೆ ಆಗಲಿಲ್ಲ. ಕಾಂತಪ್ಪ ಏಳಹೊರಟದ್ದನ್ನು ಕಂಡು ‘ನುಹಾ!’ ಎಂದು ಕರೆದಳು. ಹುಡುಗಿ ಬಂದು ಎರಡೂ ಕೈಯಿಂದ ಎತ್ತಿ ಹಿಡಿದು, ತಕ್ಕಡಿ ನೋಡಿ, ‘ತಲಾತೀನ್’ ಎಂದಳು, ಮೂವತ್ತು. ಪುಸ್ತಕ ಇನ್ನೂ ಕಾಂತಪ್ಪನ ತೊಡೆಯ ಮೇಲೆಯೇ ಇತ್ತು. ರತ್ನಾವತಿ ಕೆಂಪು ಬಟ್ಟೆಯನ್ನು ಮಾತ್ರ ತೆಗೆದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

‘ಅದನ್ನು ನೀವೇ ಕೊಂಡುಹೋಗಿ. ಅದರಲ್ಲಿ ಇರುವುದು ನಿಮ್ಮ ಮಾತಲ್ವಾ?’ ಎಂದಳು. ‘ಕಾಂತಪ್ಪಣ್ಣ’ ಎನ್ನಲಿಲ್ಲ.

ಮಧ್ಯಾಹ್ನದ ಪ್ರಾರ್ಥನೆಯ ಕರೆ ಮುಗಿದು ರಸ್ತೆ ಇನ್ನಷ್ಟು ಖಾಲಿಯಾಗಿತ್ತು. ಬಸ್ ನಿಲ್ದಾಣದ ತಗಡಿನ ನೆರಳಿನಲ್ಲಿ ಕಾಂತಪ್ಪ ಹಾಳೆಯನ್ನು ಪುಸ್ತಕದ ಮೇಲಿಟ್ಟು ತನ್ನ ಗೆರೆಯನ್ನು ಓದಿದ. ನಾನು ಕೇಳಿದ್ದನ್ನೆಲ್ಲ ಏನೂ ಬಿಡದೆ ಹೇಳಿದ್ದೇನೆ ಎಂದು ದುಭಾಷಿ ದೃಢೀಕರಿಸಬೇಕಿತ್ತು. ಎಂಬತ್ತಮೂರರ ಮುದುಕಿಯ ನೆನಪಾಯಿತು. ಅವರ ನಾಲ್ಕು ಪುಸ್ತಕ, ಬಹುಮಾನ, ಆ ಕಿರಿಯ ವಿದ್ವಾಂಸ. ಅವರಿಗೆ ಬರೆಯಬೇಕಾದ ಕಾಗದದ ‘ಗೌರವಾನ್ವಿತ ಮೇಡಂ’ ಒಂದು ಆಗಿದೆ, ಉಳಿದದ್ದು ಬಾಕಿ. ತುಂಬ ಆಯಾಸವಾಗಿತ್ತು, ನಿದ್ದೆ ಬರುವ ಬಗೆಯ ಆಯಾಸ. ಆಗ ಫೋನು ಬಡಿಯಿತು. ದೀಕ್ಷಿತಾ.

‘ಪಪ್ಪಾ! ಡಿಡ್ ಶಿ ಸೈನ್?’

‘ಹಾಕಿದಳು. ತೆರೀಬಹುದು ಅಂತಲೇ ಹಾಕಿದಳು.’

ಮಗಳು ಅಲ್ಲಿ ಖುಷಿಯಿಂದ ಕೂಗಿದ್ದು ಕೇಳಿತು. ಅವಳು ಸುಮ್ಮನಾಗುವವರೆಗೆ ಕಾದು, ಕಾಂತಪ್ಪ ಹೇಳಿದ: ‘ದೀಕ್ಷಿತಾ, ಟೇಪು ಬಂದ ಮೇಲೆ ಮೊದಲು ತುಳು ಕೇಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆಮೇಲೆ ಕೇಳು. ಕೇಳುವಾಗ ನಾನು ಪಕ್ಕದಲ್ಲಿ ಕೂತಿರ್ತೇನೆ. ಕೇಳಿ ಆದ ಮೇಲೆ ನೀನು ಎದ್ದು ಹೋದ್ರೂ ಅಡ್ಡಿಲ್ಲ.’

‘ಎಂತಕ್ಕೆ ಪಪ್ಪಾ?’ ಎಂದಳು ದೀಕ್ಷಿತಾ. ತುಳುವಿನಲ್ಲಿ ಕೇಳಿದಳು.